ಅಂಗಡಿ ಮೊಬೈಲಿಗೆ ಬಂತು: ಜಾಲತಾಣದ ಪ್ರಚಾರದಲ್ಲಿ ಲಾಭವೆಷ್ಟು, ಎಚ್ಚರವೆಷ್ಟು?

ಇಪ್ಪತ್ತು ವರ್ಷಗಳ ಹಿಂದೆ ಅಂಗಡಿಯ ಪ್ರಚಾರ ಎಂದರೆ ಬಾಗಿಲ ಮೇಲಿನ ನಾಮಫಲಕ, ಹೊಸ ವರ್ಷಕ್ಕೆ ಹಂಚುವ ಕ್ಯಾಲೆಂಡರ್, ಊರಿನ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು, ಹಬ್ಬದ ಮುಂಚೆ ಆಟೋದಲ್ಲಿ ಮೈಕ್. ಇವೆಲ್ಲಕ್ಕಿಂತ ಮಿಗಿಲಾಗಿ ಗಿರಾಕಿಯ ಬಾಯಿಮಾತು. ಇಂದು ಬಟ್ಟೆ, ಬಂಗಾರ, ಪಾತ್ರೆ, ಹಾರ್ಡ್‌ವೇರ್, ಕಿರಾಣಿ, ಔಷಧಿ ಹೀಗೆ ಯಾವ ವ್ಯಾಪಾರವಾದರೂ ಗಿರಾಕಿ ಅಂಗಡಿಗೆ ಕಾಲಿಡುವ ಮೊದಲು ಮೊಬೈಲಿನಲ್ಲಿ ನೋಡಿರುತ್ತಾನೆ. ಬೆಲೆ ಎಷ್ಟು, ಡಿಸೈನ್ ಯಾವುದು, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದೆಲ್ಲ ತಿಳಿದುಕೊಂಡೇ ಬರುತ್ತಾನೆ.

ಈ ಬದಲಾವಣೆ ಒಂದೇ ದಿನ ಆದದ್ದಲ್ಲ. 2016ರಲ್ಲಿ ಯುಪಿಐ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಇಂಟರ್ನೆಟ್ ದರ ಕುಸಿಯಿತು. 2018ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗಾಗಿಯೇ ವಾಟ್ಸ್‌ಆ್ಯಪ್ ಬಿಸಿನೆಸ್ ಬಿಡುಗಡೆಯಾಯಿತು. 2020ರ ಲಾಕ್‌ಡೌನ್ ಅಂಗಡಿಗಳ ಶಟರ್ ಇಳಿಸಿದಾಗ, ಫೋಟೋ ಕಳುಹಿಸಿ ಆರ್ಡರ್ ಪಡೆಯುವುದು ಅನಿವಾರ್ಯವಾಯಿತು. ಆಗ ಕಲಿತ ಅಭ್ಯಾಸ ಶಟರ್ ತೆರೆದ ಮೇಲೂ ಉಳಿದುಕೊಂಡಿದೆ. ಆದ್ದರಿಂದ ಜಾಲತಾಣ ಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. ಅದರಲ್ಲಿ ಹಾಕುವ ಹಣ, ಸಮಯ ಮತ್ತು ಅಂಗಡಿಯ ಹೆಸರು ಸರಿಯಾಗಿ ಫಲ ಕೊಡುತ್ತಿವೆಯೇ ಎಂಬುದನ್ನು ನೋಡಬೇಕಾಗಿದೆ.

ಬಾಡಿಗೆ ಜಾಗ ಎಂಬುದು ನೆನಪಿರಲಿ

ಫೇಸ್‌ಬುಕ್ ಕಂಪನಿ 2012ರಲ್ಲಿ ಇನ್‌ಸ್ಟಾಗ್ರಾಂ ಅನ್ನೂ 2014ರಲ್ಲಿ ವಾಟ್ಸ್‌ಆ್ಯಪ್ ಅನ್ನೂ ಕೊಂಡುಕೊಂಡಿತು. 2021ರಲ್ಲಿ ಆ ಕಂಪನಿಯ ಹೆಸರು ಮೆಟಾ ಎಂದಾಯಿತು. ಅಂದರೆ ಮೂರು ಬೇರೆ ಬೇರೆ ಪೇಟೆಯಲ್ಲಿ ಅಂಗಡಿ ಇಟ್ಟಿದ್ದೇನೆ ಎಂದುಕೊಂಡ ವ್ಯಾಪಾರಿ ನಿಜದಲ್ಲಿ ಒಬ್ಬನೇ ಮಾಲೀಕನ ಕಟ್ಟಡದಲ್ಲಿ ಕುಳಿತಿದ್ದಾನೆ. 2021ರ ಅಕ್ಟೋಬರ್ 4ರಂದು ಈ ಮೂರೂ ಸೇವೆಗಳು ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತುಹೋದವು. ಆ ಹೊತ್ತಿನಲ್ಲಿ ಕೇವಲ ವಾಟ್ಸ್‌ಆ್ಯಪ್ ನಂಬಿದ್ದವರ ಆರ್ಡರ್‌ಗಳೂ ನಿಂತವು.

ಇದಕ್ಕಿಂತ ದೊಡ್ಡ ಪಾಠ ಟಿಕ್‌ಟಾಕ್‌ನದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕ್ ಕೂಡ ಇತ್ತು. ಲಕ್ಷಗಟ್ಟಲೆ ಹಿಂಬಾಲಕರನ್ನು ಸಂಪಾದಿಸಿದ್ದವರ ಶ್ರಮ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಆರಂಭಿಸಿತು, ಎಲ್ಲರೂ ಅಲ್ಲಿ ಮತ್ತೆ ಒಂದರಿಂದ ಎಣಿಕೆ ಶುರು ಮಾಡಬೇಕಾಯಿತು.

ನಿಷೇಧದ ಮಾತು ಹಾಗಿರಲಿ. ಯಾರದೋ ದೂರಿನಿಂದಲೋ ಕಂಪ್ಯೂಟರ್‌ನ ತಪ್ಪು ನಿರ್ಧಾರದಿಂದಲೋ ಒಂದು ಖಾತೆ ಬಂದ್ ಆದರೆ ಹೋಗಿ ಮಾತನಾಡಲು ಹತ್ತಿರದಲ್ಲಿ ಕಚೇರಿ ಇಲ್ಲ, ಮ್ಯಾನೇಜರ್ ಇಲ್ಲ. ಆದ್ದರಿಂದ ಗಿರಾಕಿಯ ಹೆಸರು, ಊರು, ಮೊಬೈಲ್ ಸಂಖ್ಯೆ, ಕೊಂಡ ಸರಕು ಇವು ಅಂಗಡಿಯ ಸ್ವಂತ ಪುಸ್ತಕದಲ್ಲಿ ಅಥವಾ ಕಂಪ್ಯೂಟರ್‌ನಲ್ಲಿ ಇರಲೇಬೇಕು. ಹಿರಿಯರು ಖಾತೆ ಪುಸ್ತಕವನ್ನು ತಿಜೋರಿಯಲ್ಲಿ ಇಡುತ್ತಿದ್ದುದಕ್ಕೆ ಕಾರಣವಿತ್ತು.

ಹಳೆಯ ಗಿರಾಕಿ ಮೊದಲು

ಜಾಲತಾಣ ಎಂದ ಕೂಡಲೇ ಹೊಸ ಗಿರಾಕಿ ಬರುತ್ತಾರೆ ಎಂಬ ಆಸೆ ಸಹಜ. ಆದರೆ ಸಣ್ಣ ಅಂಗಡಿಗೆ ಹೆಚ್ಚು ಲಾಭ ಕೊಡುವುದು ಆಗಲೇ ಪರಿಚಯವಿರುವ ಗಿರಾಕಿ ಮತ್ತೊಮ್ಮೆ ಬರುವುದು. ಇದಕ್ಕೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು, ಆ್ಯಪ್‌ಗೆ ಹಣ ಕೊಡಬೇಕಿಲ್ಲ. ಅಂಗಡಿಯ ವಿಳಾಸ, ವೇಳೆ, ರಜೆಯ ದಿನ ಹಾಕಬಹುದು. ಕ್ಯಾಟಲಾಗ್‌ನಲ್ಲಿ ಸರಕಿನ ಫೋಟೋ ಮತ್ತು ಬೆಲೆ ಜೋಡಿಸಬಹುದು. ರಾತ್ರಿ ಸಂದೇಶ ಬಂದರೆ ತಾನಾಗಿಯೇ ಉತ್ತರ ಹೋಗುವಂತೆ ಮಾಡಬಹುದು. ‘ಹಣ ಬಾಕಿ’, ‘ಆರ್ಡರ್ ತಲುಪಿದೆ’ ಎಂದು ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು. ಅಂಗಡಿಯ ಹಳೆಯ ಲ್ಯಾಂಡ್‌ಲೈನ್ ಸಂಖ್ಯೆಯಲ್ಲೇ ಇದನ್ನು ತೆರೆಯಲು ಸಾಧ್ಯ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೂವತ್ತು ವರ್ಷಗಳಿಂದ ಬಿಲ್‌ಬುಕ್ಕಿನ ಮೇಲೆ ಅಚ್ಚಾಗುತ್ತಿರುವ ಸಂಖ್ಯೆಗೆ ಇರುವ ಬೆಲೆ ಹೊಸ ಸಿಮ್‌ಗೆ ಬರುವುದಿಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿಯ ವಿಷಯದಲ್ಲಿ ಒಂದು ಗುಟ್ಟು ತಿಳಿದಿರಬೇಕು. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ಅಂಗಡಿಯ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಎಲ್ಲರಿಗೂ ಕಳಿಸಿದ್ದೇನೆ ಎಂದುಕೊಂಡವರ ಸಂದೇಶ ಹಲವು ಸಲ ಅರ್ಧ ಜನಕ್ಕೂ ಹೋಗಿರುವುದಿಲ್ಲ. ಬಿಲ್ ಮಾಡುವಾಗಲೇ “ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಸರಕು ಬಂದಾಗ ತಿಳಿಸುತ್ತೇವೆ” ಎಂದು ಕೇಳುವುದು ಇದಕ್ಕೆ ಸುಲಭದ ಪರಿಹಾರ. ಹತ್ತು ಸಾವಿರ ಜನರಿಗೆ ಒಂದೇ ಸಲ ಸಂದೇಶ ಕಳಿಸಿಕೊಡುತ್ತೇವೆ ಎಂದು ಅಗ್ಗದ ಸಾಫ್ಟ್‌ವೇರ್ ಮಾರುವವರಿದ್ದಾರೆ. ಇದು ವಾಟ್ಸ್‌ಆ್ಯಪ್ ನಿಯಮಕ್ಕೆ ವಿರುದ್ಧ, ಇದರಿಂದ ಅಂಗಡಿಯ ಸಂಖ್ಯೆಯೇ ನಿಷೇಧಕ್ಕೆ ಒಳಗಾಗುವ ಅಪಾಯವಿದೆ.

ಸಮಾಜದ ಗುಂಪುಗಳ ಬಗ್ಗೆಯೂ ಒಂದು ಮಾತು. ಮುನಿಗಳ ವಿಹಾರ, ಬಸದಿಯ ಕಾರ್ಯಕ್ರಮ, ನಿಧನ ವಾರ್ತೆ, ರಕ್ತದ ತುರ್ತು ಅಗತ್ಯ ಇವಕ್ಕಾಗಿ ಮಾಡಿದ ಗುಂಪಿನಲ್ಲಿ ದಿನಕ್ಕೆರಡು ಬಾರಿ ಸೀರೆಯ ಫೋಟೋ ಹಾಕಿದರೆ ಓದುವವರು ಗುಂಪನ್ನೇ ಮ್ಯೂಟ್ ಮಾಡುತ್ತಾರೆ. ಕೊನೆಗೆ ಮುಖ್ಯ ಸುದ್ದಿಯೂ ತಲುಪುವುದಿಲ್ಲ. ಹಲವು ಊರುಗಳಲ್ಲಿ ವ್ಯಾಪಾರಕ್ಕೆ ಪ್ರತ್ಯೇಕ ಗುಂಪು ಮಾಡಿಕೊಂಡಿರುವುದು ಒಳ್ಳೆಯ ವ್ಯವಸ್ಥೆ.

ನಕ್ಷೆಯಲ್ಲಿ ಅಂಗಡಿ ಇದೆಯೇ?

ರೀಲ್ಸ್‌ಗೆ ಸಾವಿರಾರು ರೂಪಾಯಿ ಖರ್ಚು ಮಾಡುವ ಅನೇಕರು ಉಚಿತವಾಗಿ ಸಿಗುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಅನ್ನು ಮರೆತಿರುತ್ತಾರೆ. ಪರ ಊರಿನಿಂದ ಮದುವೆ ಬಟ್ಟೆಗೆ ಬರುವ ಕುಟುಂಬ ಮೊದಲು ಹುಡುಕುವುದು ನಕ್ಷೆಯಲ್ಲಿ. ಅಲ್ಲಿ ಫೋನ್ ಸಂಖ್ಯೆ ತಪ್ಪಾಗಿದ್ದರೆ, ಭಾನುವಾರ ತೆರೆದಿದ್ದರೂ ‘ಮುಚ್ಚಿದೆ’ ಎಂದು ತೋರಿಸಿದರೆ, ಬಂದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಂಗಡಿಯ ಮುಂಭಾಗದ ಸ್ಪಷ್ಟ ಫೋಟೋ, ಸರಿಯಾದ ವೇಳೆ, ಪಾರ್ಕಿಂಗ್ ಎಲ್ಲಿ ಎಂಬ ಮಾಹಿತಿ ಹಾಕಲು ಒಂದು ಮಧ್ಯಾಹ್ನ ಸಾಕು.

ಗಿರಾಕಿಗಳು ಬರೆಯುವ ಅಭಿಪ್ರಾಯಕ್ಕೆ ಉತ್ತರ ಕೊಡುವುದೂ ಪ್ರಚಾರವೇ. ಕೆಟ್ಟ ಅಭಿಪ್ರಾಯಕ್ಕೆ ಜಗಳದ ಉತ್ತರ ಬರೆದರೆ ಅದನ್ನು ಮುಂದೆ ನೂರು ಜನ ಓದುತ್ತಾರೆ. ಸಮಾಧಾನದ ಉತ್ತರವನ್ನೂ ಅಷ್ಟೇ ಜನ ಓದುತ್ತಾರೆ. ಹಣ ಕೊಟ್ಟು ಸುಳ್ಳು ಹೊಗಳಿಕೆ ಬರೆಸುವ ದಾರಿ ಬೇಡ. ಒಂದೇ ವಾರದಲ್ಲಿ ಐವತ್ತು ಜನ ಒಂದೇ ಮಾತಿನಲ್ಲಿ ಹೊಗಳಿದರೆ ಗಿರಾಕಿಗೇ ಅನುಮಾನ ಬರುತ್ತದೆ. ನಕ್ಷೆಯಲ್ಲಿ ಹೆಸರು ಉಳಿಸಲು ಹಣ ಕೊಡಿ ಎಂದು ಗೂಗಲ್ ಹೆಸರಿನಲ್ಲಿ ಬರುವ ಕರೆಗಳೂ ಮೋಸದವು. ಈ ನೋಂದಣಿಗೆ ಶುಲ್ಕವಿಲ್ಲ.

ಲೈಕ್ ಎಣಿಸಬೇಡಿ, ಗಲ್ಲಾ ಎಣಿಸಿ

ಹಣ ಕೊಟ್ಟು ಮಾಡುವ ಪ್ರಚಾರದಲ್ಲಿ ಮಕ್ಕಳ ಉತ್ಸಾಹಕ್ಕೂ ಹಿರಿಯರ ಲೆಕ್ಕಕ್ಕೂ ತಾಳೆಯಾಗದಿರುವುದು ಸಾಮಾನ್ಯ. ಒಂದು ಬಟ್ಟೆ ಅಂಗಡಿಯವರು ಹಬ್ಬಕ್ಕೆ 3,000 ರೂ. ಕೊಟ್ಟು ಒಂದು ಪೋಸ್ಟ್ ಬೂಸ್ಟ್ ಮಾಡಿದರು ಎಂದಿಟ್ಟುಕೊಳ್ಳೋಣ. 15,000 ಜನ ನೋಡಿದರು, 400 ಲೈಕ್ ಬಂತು, 40 ಜನ ಬೆಲೆ ಕೇಳಿದರು, 6 ಜನ ಅಂಗಡಿಗೆ ಬಂದರು, 3 ಜನ ತಲಾ 2,500 ರೂ.ನ ಸೀರೆ ಕೊಂಡರು. ಶೇ 20 ಲಾಭಾಂಶವಿದ್ದರೆ ಒಂದು ಸೀರೆಗೆ 500 ರೂ., ಮೂರಕ್ಕೆ 1,500 ರೂ. ಖರ್ಚು 3,000 ರೂ. ಮೊಬೈಲಿನಲ್ಲಿ ಜಯಭೇರಿ, ಗಲ್ಲಾದಲ್ಲಿ 1,500 ರೂ. ನಷ್ಟ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಆ ಮೂವರಲ್ಲಿ ಒಬ್ಬರು ಮದುವೆ ಜವಳಿಗೆ ಮತ್ತೆ ಬಂದರೆ ಅದೇ ಖರ್ಚು ಲಾಭದ ಖರ್ಚಾಗುತ್ತದೆ. ಅದಕ್ಕಾಗಿ ಹೊಸ ಗಿರಾಕಿ ಬಂದಾಗ “ಅಂಗಡಿ ಹೇಗೆ ಗೊತ್ತಾಯಿತು?” ಎಂದು ಕೇಳಿ ಬಿಲ್ಲಿನ ಮೂಲೆಯಲ್ಲಿ ಬರೆದುಕೊಳ್ಳಬೇಕು. ಮೂರು ತಿಂಗಳ ಬಿಲ್‌ಗಳನ್ನು ನೋಡಿದರೆ ಯಾವ ಖರ್ಚು ಉಳಿಸಬೇಕು, ಯಾವುದು ನಿಲ್ಲಿಸಬೇಕು ಎಂಬುದು ಯಾವ ಏಜೆನ್ಸಿಯ ವರದಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಖರ್ಚು ಮಾಡುವಾಗಲೂ ಕೆಲವು ಸೂಕ್ಷ್ಮಗಳಿವೆ. ಗದಗದ ಪಾತ್ರೆ ಅಂಗಡಿಯ ಜಾಹೀರಾತನ್ನು ದೆಹಲಿಯ ಜನ ನೋಡಿ ಪ್ರಯೋಜನವಿಲ್ಲ. ಅಂಗಡಿಯ ಸುತ್ತ ಇಷ್ಟು ಕಿಲೋಮೀಟರ್ ಎಂದು ಮಿತಿ ಹಾಕಬಹುದು. ಲೈಕ್ ಬೇಕೋ, ವಾಟ್ಸ್‌ಆ್ಯಪ್‌ಗೆ ಸಂದೇಶ ಬರಬೇಕೋ ಎಂಬ ಆಯ್ಕೆಯಲ್ಲಿ ಎರಡನೆಯದನ್ನು ಆರಿಸುವುದು ಲೇಸು. ವಿಡಿಯೋದಲ್ಲಿ ಊರಿನ ಕನ್ನಡವೇ ಇರಲಿ. ಹುಬ್ಬಳ್ಳಿಯ ಮಾತಿಗೆ ಹುಬ್ಬಳ್ಳಿಯ ಗಿರಾಕಿ, ಮಂಗಳೂರಿನ ಮಾತಿಗೆ ಮಂಗಳೂರಿನ ಗಿರಾಕಿ ಬೇಗ ಸ್ಪಂದಿಸುತ್ತಾರೆ. ಬೆಲೆ ಮುಚ್ಚಿಟ್ಟು “ಇನ್‌ಬಾಕ್ಸ್‌ಗೆ ಬನ್ನಿ” ಎನ್ನುವ ಪದ್ಧತಿ ಗಿರಾಕಿಗೆ ಕಿರಿಕಿರಿ. ಬೆಲೆ ಬರೆದರೆ ಕೊಳ್ಳುವವರೇ ಕೇಳುತ್ತಾರೆ, ಉತ್ತರಿಸುವ ಸಮಯವೂ ಉಳಿಯುತ್ತದೆ.

ಸಗಟು ವ್ಯಾಪಾರಿ ನೇರ ಮನೆಗೆ

ಚಿಲ್ಲರೆ ವ್ಯಾಪಾರಿಗೆ ನಿಜವಾದ ಸವಾಲು ಪಕ್ಕದ ಅಂಗಡಿಯದಲ್ಲ. ಸರಕು ಕೊಡುವವರೇ ಇಂದು ಸ್ಪರ್ಧೆಗೆ ಇಳಿದಿದ್ದಾರೆ. ಮೊದಲು ಸೂರತ್‌ನ ಸೀರೆ ಬೆಂಗಳೂರಿನ ಚಿಕ್ಕಪೇಟೆಗೆ, ಅಲ್ಲಿಂದ ತಾಲ್ಲೂಕಿನ ಅಂಗಡಿಗೆ, ಅಲ್ಲಿಂದ ಗಿರಾಕಿಯ ಮನೆಗೆ ಹೋಗುತ್ತಿತ್ತು. ಈಗ ಸೂರತ್‌ನ ವ್ಯಾಪಾರಿ ರೀಲ್ಸ್‌ನಲ್ಲಿ ಸೀರೆ ಬಿಡಿಸಿ ತೋರಿಸಿ ಒಂದೇ ಸೀರೆಯನ್ನೂ ಕೊರಿಯರ್ ಮಾಡುತ್ತಾನೆ.

ಮೀಶೋ ಕಂಪನಿಯ ಕಥೆ ಇಲ್ಲಿ ಗಮನಿಸತಕ್ಕದ್ದು. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಕಂಪನಿ ಬೆಳೆದದ್ದು ವಾಟ್ಸ್‌ಆ್ಯಪ್‌ನಲ್ಲಿ ಪರಿಚಿತರಿಗೆ ಫೋಟೋ ಕಳಿಸಿ ಮರುಮಾರಾಟ ಮಾಡುತ್ತಿದ್ದ ಗೃಹಿಣಿಯರ ಬಲದಿಂದ. 2019ರಲ್ಲಿ ಫೇಸ್‌ಬುಕ್ ಇದರಲ್ಲಿ ಹಣ ಹೂಡಿತು. ನಂತರ ಕಂಪನಿ ಗ್ರಾಹಕರಿಗೆ ನೇರ ಮಾರಾಟದ ವೇದಿಕೆಯಾಗಿ ಬದಲಾಯಿತು. ಇದು ವ್ಯಾಪಾರದ ಸಹಜ ನಡೆ, ದೂರುವಂಥದ್ದೇನಿಲ್ಲ. ಆದರೆ ನಡುವೆ ನಿಂತವನು ಬರೀ ಫೋಟೋ ದಾಟಿಸುವ ಕೆಲಸ ಮಾಡಿದರೆ ಒಂದು ದಿನ ಅವನ ಅಗತ್ಯ ಉಳಿಯುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಊರಿನ ಅಂಗಡಿ ಏನು ಕೊಡಬಲ್ಲದು? ಮುಟ್ಟಿ ನೋಡುವ ಅವಕಾಶ, ಬಣ್ಣ ಹೋದರೆ ಬದಲಿಸಿಕೊಡುವ ಮಾತು, ಬ್ಲೌಸ್ ಹೊಲಿಸಿಕೊಡುವ ವ್ಯವಸ್ಥೆ, ನಂಬಿಕೆಯ ಮನೆಗೆ ಒಂದು ತಿಂಗಳ ಉದ್ರಿ. ಜಾಲತಾಣದಲ್ಲಿ ತೋರಿಸಬೇಕಾದದ್ದು ಇವನ್ನೇ. ಕಂಪನಿ ಕಳಿಸಿದ ಫೋಟೋವನ್ನು ಎಲ್ಲರೂ ಹಾಕುತ್ತಾರೆ. ಅಂಗಡಿಯ ಕೌಂಟರ್ ಮೇಲೆ ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಆ ಅಂಗಡಿಗೆ ಮಾತ್ರ ಸೇರಿದ್ದು. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ಹಾಕದ ಹಪ್ಪಳ, ಚಟ್ನಿಪುಡಿ, ಖಾಕ್ರಾ ಮಾಡಿ ಮಾರುವ ಗೃಹಿಣಿಯರಿಗೂ ಇದೇ ಮಾತು ಅನ್ವಯ. ದೊಡ್ಡ ಕಂಪನಿ ಕೊಡಲಾಗದ ಖಾತ್ರಿಯನ್ನು ಅವರ ಅಡುಗೆಮನೆ ಕೊಡಬಲ್ಲದು. ಪರ ಊರಿನಲ್ಲಿ ಓದುವ ಮಕ್ಕಳ ತಾಯಂದಿರು ಹುಡುಕುತ್ತಿರುವುದೂ ಅದನ್ನೇ.

ಪೋಸ್ಟ್ ಕೂಡ ಜಾಹೀರಾತೇ

ಮೊಬೈಲಿನಲ್ಲಿ ಹಾಕಿದ ಮಾತಿಗೆ ಕಾನೂನಿಲ್ಲ ಎಂಬ ಭಾವನೆ ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂ., ಮತ್ತೆ ತಪ್ಪು ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ಹಾಕಬಹುದು. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ, ಸಾಕಷ್ಟು ಸರಕು ಇಲ್ಲದೆ ಕಡಿಮೆ ಬೆಲೆಯ ಆಸೆ ತೋರಿಸಿ ಗಿರಾಕಿಯನ್ನು ಕರೆತರುವಂತಿಲ್ಲ. ಹಣ ಅಥವಾ ಉಡುಗೊರೆ ಪಡೆದು ಅಂಗಡಿಯನ್ನು ಹೊಗಳುವ ಇನ್‌ಫ್ಲುಯೆನ್ಸರ್ ಆ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕು.

ಅಕ್ಷಯ ತೃತೀಯದ ಸಮಯದಲ್ಲಿ ಬಂಗಾರದ ಅಂಗಡಿಗಳ ‘ಮಜೂರಿ ಇಲ್ಲ’ ಎಂಬ ಪೋಸ್ಟ್‌ಗಳು ಹರಿದಾಡುತ್ತವೆ. ಕೊಡುಗೆಗೆ ಷರತ್ತು ಇದ್ದರೆ ಅದೇ ಪೋಸ್ಟ್‌ನಲ್ಲಿ ಓದಲು ಬರುವಷ್ಟು ದೊಡ್ಡದಾಗಿ ಬರೆಯಬೇಕು. ಹಾಲ್‌ಮಾರ್ಕ್ ಆಭರಣಕ್ಕೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ 2023ರ ಏಪ್ರಿಲ್ 1ರಿಂದ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಪರೀಕ್ಷಿಸುವುದು ಹೇಗೆ ಎಂದು ತೋರಿಸುವ ಒಂದು ನಿಮಿಷದ ವಿಡಿಯೋ, ಹತ್ತು ಕೊಡುಗೆಗಳಿಗಿಂತ ಹೆಚ್ಚು ನಂಬಿಕೆ ಗಳಿಸುತ್ತದೆ. ಮನೆಯಲ್ಲಿ ತಿನಿಸು ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಪೋಸ್ಟ್‌ನಲ್ಲೂ ಹಾಕುವುದು ಒಳ್ಳೆಯದು. ಜನಪ್ರಿಯ ಸಿನಿಮಾ ಹಾಡನ್ನು ಅನುಮತಿಯಿಲ್ಲದೆ ಅಂಗಡಿಯ ರೀಲ್ಸ್‌ಗೆ ಸೇರಿಸುವುದು ಹಕ್ಕುಸ್ವಾಮ್ಯದ ತೊಂದರೆ ತರಬಹುದು. ಗಿರಾಕಿಯ ಫೋಟೋ, ಅದರಲ್ಲೂ ಹೆಣ್ಣುಮಕ್ಕಳ ಮತ್ತು ಮಕ್ಕಳ ಫೋಟೋ, ಕೇಳದೆ ಹಾಕಲೇಬಾರದು.

ಇದು ಹೊಸ ಮಾತೇನಲ್ಲ. ಅಳತೆ-ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದನ್ನೂ ಅಚೌರ್ಯಾಣುವ್ರತದ ಅತಿಚಾರಗಳೆಂದು ಶ್ರಾವಕರಿಗೆ ಹಿಂದೆಯೇ ಹೇಳಲಾಗಿದೆ. ಫಿಲ್ಟರ್ ಹಾಕಿ ಬಣ್ಣ ಹೆಚ್ಚಿಸಿದ ಫೋಟೋಗೂ ಅದು ಅನ್ವಯಿಸುತ್ತದೆ.

ಪ್ರತಿ ಆರ್ಡರ್‌ಗೂ ಗುರುತು ಉಳಿಯುತ್ತದೆ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಆಧಾರದಲ್ಲಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿದೆ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ನಡೆಸಿ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ತಿಳಿಸಿದರು. ಸರಕಿನ ವ್ಯಾಪಾರಕ್ಕೆ ವರ್ಷದ ವಹಿವಾಟು 40 ಲಕ್ಷ ರೂ., ಸೇವೆಗೆ 20 ಲಕ್ಷ ರೂ. ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು.

ಜಾಲತಾಣದಲ್ಲಿ ಮಾರುವವರು ಇಲ್ಲಿ ಇನ್ನೊಂದು ಅಂಶ ಗಮನಿಸಬೇಕು. ಪೋಸ್ಟ್‌ಗೆ ರಾಜ್ಯದ ಗಡಿ ಗೊತ್ತಿಲ್ಲ, ತೆರಿಗೆಗೆ ಗೊತ್ತಿದೆ. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಸರಕು ಕಳಿಸಿದರೆ ಅದು ಅಂತರರಾಜ್ಯ ವ್ಯಾಪಾರ. ಕರಕುಶಲ ವಸ್ತುಗಳಂಥ ಕೆಲವು ವಿನಾಯಿತಿ ಬಿಟ್ಟರೆ, ತೆರಿಗೆ ಇರುವ ಸರಕನ್ನು ಹೀಗೆ ಕಳಿಸಲು ವಹಿವಾಟು ಎಷ್ಟೇ ಕಡಿಮೆ ಇದ್ದರೂ ನೋಂದಣಿ ಬೇಕಾಗುತ್ತದೆ. ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ರಿಯಾಯಿತಿ ಘೋಷಿಸುವ ಮೊದಲು ಕೊರಿಯರ್ ವೆಚ್ಚ, ವಾಪಸ್ ಬರುವ ಪಾರ್ಸೆಲ್ ಖರ್ಚು ಮತ್ತು ತೆರಿಗೆಯ ಲೆಕ್ಕವನ್ನು ಲೆಕ್ಕಪರಿಶೋಧಕರ ಬಳಿ ಒಮ್ಮೆ ಕೂತು ಮಾಡುವುದು ಕ್ಷೇಮ. ವ್ಯಾಪಾರದ ಯುಪಿಐ ಮತ್ತು ಮನೆಯ ಯುಪಿಐ ಬೇರೆ ಬೇರೆ ಇರಲಿ. ಮಗಳ ಮದುವೆಗೆ ಬಂಧುಗಳು ಕಳಿಸಿದ ಹಣವೂ ವಹಿವಾಟಿನಂತೆ ಕಂಡರೆ ವಿವರಣೆ ಕೊಡುವುದು ಕಷ್ಟ.

ಮೋಸಗಾರನಿಗೂ ಪೋಸ್ಟ್ ಕಾಣುತ್ತದೆ

ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ದೊಡ್ಡ ಆರ್ಡರ್ ಕೊಟ್ಟು, ಹಣ ಕಳಿಸಲು ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವ ಮೋಸ ಹಲವು ವರ್ಷಗಳಿಂದ ನಡೆದಿದೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಅಂಗಡಿಯ ಪ್ರತಿ ಹುಡುಗನಿಗೂ ಹೇಳಿಕೊಡಬೇಕು. ಹಣ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಸರಕು ಕೊಡಬಾರದು. ಬ್ಯಾಂಕಿಗೆ ಜಮೆ ಆದುದನ್ನು ನೋಡಿಯೇ ಕೊಡಬೇಕು. “ನಿಮ್ಮ ಪುಟ ನಿಯಮ ಉಲ್ಲಂಘಿಸಿದೆ, ಈ ಲಿಂಕ್ ಒತ್ತಿ” ಎಂದು ಮೆಟಾ ಹೆಸರಿನಲ್ಲಿ ಬರುವ ಸಂದೇಶಗಳು ಪಾಸ್‌ವರ್ಡ್ ಕದಿಯುವ ಬಲೆ. ಎರಡು ಹಂತದ ಪರಿಶೀಲನೆ ಹಾಕಿಟ್ಟರೆ ಅಪಾಯ ಬಹಳ ಕಡಿಮೆ. ಹಣ ಹೋದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬೀಗದ ಕೈ ಯಾರ ಬಳಿ?

ಬಹಳಷ್ಟು ಅಂಗಡಿಗಳಲ್ಲಿ ಪುಟವನ್ನು ತೆರೆದದ್ದು ಕೆಲಸದ ಹುಡುಗ, ಅವನದೇ ಸಂಖ್ಯೆಯಲ್ಲಿ. ಅವನು ಕೆಲಸ ಬಿಟ್ಟ ದಿನ ಪುಟ, ಫೋಟೋ, ಗಿರಾಕಿಗಳ ಪಟ್ಟಿ ಅವನ ಜೊತೆಯೇ ಹೋಗುತ್ತದೆ. ಏಜೆನ್ಸಿಗೆ ಕೊಟ್ಟರೂ ಇದೇ ಅಪಾಯ. ಖಾತೆ ಅಂಗಡಿಯ ಇಮೇಲ್ ಮತ್ತು ಮಾಲೀಕನ ಹೆಸರಿನ ಸಿಮ್‌ನಲ್ಲಿ ಇರಬೇಕು. ಉಳಿದವರಿಗೆ ಕೆಲಸ ಮಾಡುವ ಅಧಿಕಾರ ಮಾತ್ರ ಕೊಡಬೇಕು. ಪಾಸ್‌ವರ್ಡ್‌ಗಳು ಮನೆಯ ಇಬ್ಬರಿಗಾದರೂ ಗೊತ್ತಿರಬೇಕು.

ತಂದೆ ಗಾದಿಯ ಮೇಲೆ, ಮಗ ಮೊಬೈಲಿನಲ್ಲಿ, ಇಬ್ಬರಿಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥವಾಗದ ಸ್ಥಿತಿ ಅನೇಕ ಮನೆಗಳಲ್ಲಿದೆ. ಯಾವ ಮನೆಗೆ ಯಾವ ಬಣ್ಣ ಇಷ್ಟ, ಯಾರು ಮಾತಿಗೆ ತಪ್ಪುವುದಿಲ್ಲ, ಯಾವ ತಿಂಗಳಲ್ಲಿ ಯಾವ ಊರಿನ ಜಾತ್ರೆ ಎಂಬುದು ಹಿರಿಯರಿಗೆ ಗೊತ್ತು. ಅದನ್ನು ಎಲ್ಲರಿಗೂ ತಲುಪಿಸುವ ವಿದ್ಯೆ ಮಕ್ಕಳಿಗೆ ಗೊತ್ತು. ವಾರಕ್ಕೊಮ್ಮೆ ಅರ್ಧ ಗಂಟೆ ಇಬ್ಬರೂ ಕೂತು, ಈ ವಾರ ಏನು ಹಾಕಬೇಕು, ಕಳೆದ ವಾರ ಹಾಕಿದ್ದರಿಂದ ಗಲ್ಲಾಕ್ಕೆ ಏನು ಬಂತು ಎಂದು ನೋಡಿದರೆ ಹೊರಗಿನ ತರಬೇತಿಯ ಅಗತ್ಯ ಕಡಿಮೆಯಾಗುತ್ತದೆ. ಊರಿನ ಯುವಕ ಮಂಡಳಗಳು, ಮಹಿಳಾ ಸಮಾಜಗಳು ರಜೆಯ ದಿನ ಹಿರಿಯ ವ್ಯಾಪಾರಿಗಳಿಗೆ ಗೂಗಲ್ ಪ್ರೊಫೈಲ್ ಮತ್ತು ವಾಟ್ಸ್‌ಆ್ಯಪ್ ಕ್ಯಾಟಲಾಗ್ ಮಾಡಿಕೊಡುವ ಶಿಬಿರ ನಡೆಸಬಹುದು. ಎರಡು ಮೇಜು, ನಾಲ್ಕು ಮೊಬೈಲ್ ಇದ್ದರೆ ಒಂದು ಭಾನುವಾರದಲ್ಲಿ ಇಪ್ಪತ್ತು ಅಂಗಡಿಗಳ ಕೆಲಸ ಮುಗಿಯುತ್ತದೆ.